ಹಸಿರು ಬಾಗಿಲು, ಸೀಸದ ಧೂಳು: ಹಳೇ ಮನೆಯ ಪೇಂಟ್ ಕೆರೆಯೋಕೆ ಮುಂಚೆ ಇದನ್ನ ಕೇಳಿ

[ಮರದ ಮೇಲೆ ಗ್ರೈಂಡರ್ ಓಡುವ ಸದ್ದು]

ಕೇಳಿಸ್ತಾ? ಇದು ನನ್ನ ಫೋನಲ್ಲೇ ರೆಕಾರ್ಡ್ ಆಗಿದ್ದು. ರೀಲ್ ಮಾಡೋಣ ಅಂತ ಹಿಡಿದಿದ್ದೆ. ಹಳೇ ಬಾಗಿಲಿನ ಹಸಿರು ಪೇಂಟ್ ಹೋಗಿ ಒಳಗಿಂದ ಹಲಸಿನ ಮರದ ಬಂಗಾರದ ಬಣ್ಣ ಎದ್ದು ಬರೋ ದೃಶ್ಯ. ಚೆನ್ನಾಗೇ ಬಂದಿತ್ತು, ಆದರೆ ಅಪ್‌ಲೋಡ್ ಮಾಡ್ಲಿಲ್ಲ. ಯಾಕೆ ಅಂತ ಹೇಳೋದೇ ಇವತ್ತಿನ ಸಂಚಿಕೆ.

ನನ್ನ ಊರು ಅರಸೀಕೆರೆ, ಅಮ್ಮನ ತವರು ಬೇಲೂರಿಗೂ ಹಳೇಬೀಡಿಗೂ ಮಧ್ಯೆ ಬರೋ ಒಂದು ಹಳ್ಳಿ. ಅಲ್ಲಿ ನಮ್ಮ ಅಜ್ಜನ ಕಾಲದ ತೊಟ್ಟಿ ಮನೆ ಇದೆ. 2023ರ ಸೆಪ್ಟೆಂಬರ್ 18ಕ್ಕೆ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಆಮೇಲೆ ಈ ಕಡೆ ಹಳೇ ಮನೆ ಇರೋರಿಗೆಲ್ಲ ಒಂದೇ ಕನಸು: ಹೋಮ್‌ಸ್ಟೇ. ನಮ್ಮ ಮಾವನ ಮಗನಿಗೂ ಅದೇ. ನಾನು ಬಿ.ಕಾಂ. ಓದಿದೋನು, ಲೆಕ್ಕ ಹಾಕಿ ಕೊಟ್ಟೆ. ಹೊಸ ಕಟ್ಟಡಕ್ಕೆ ಸಾಲ ಮಾಡೋ ಬದಲು ಇರೋದನ್ನೇ ಉಜ್ಜಿ ಹೊಳಪು ಮಾಡಿದ್ರೆ ಖರ್ಚು ಕಮ್ಮಿ, ಬರೋ ಜನಕ್ಕೂ 'ಒರಿಜಿನಲ್' ಬೇಕು. ಲೆಕ್ಕ ಸರಿಯಾಗೇ ಇತ್ತು, ಒಂದು ಖರ್ಚನ್ನ ಮಾತ್ರ ಬರೆದಿರ್ಲಿಲ್ಲ.

ಬಾಡಿಗೆಗೆ ಗ್ರೈಂಡರ್ ತಂದು ಉಪ್ಪುಕಾಗದದ ಚಕ್ರ ಹಾಕಿ ಮೂರು ದಿನ ಉಜ್ಜಿದ್ವಿ. ನಡುಮನೆ ಬಾಗಿಲು, ನಾಲ್ಕು ಕಂಬ, ಎರಡು ಕಿಟಕಿ. ಮೇಲೆ ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆನೆ ಬಣ್ಣ, ತಳದಲ್ಲಿ ಗುಲಾಬಿ ಪ್ರೈಮರ್. ಮನೆಯ ಮದುವೆಗಳ ಲೆಕ್ಕಾನೇ ಅಲ್ಲಿತ್ತು, ಯಾಕೆಂದ್ರೆ ನಮ್ಮಲ್ಲಿ ಪೇಂಟ್ ಹೊಡೆಸೋದೇ ಮದುವೆಗೆ. ಧೂಳು ಗೋಧಿ ಹಿಟ್ಟಿಗಿಂತ ನುಣ್ಣಗೆ. ತೊಟ್ಟಿಯ ಕಲ್ಲಿನ ಮೇಲೆ, ಹಿತ್ತಲ ಒಗೆಯೋ ಕಲ್ಲಿನ ಮೇಲೆ, ಒಣಗಾಕಿದ್ದ ಹಪ್ಪಳದ ಮೇಲೆ, ಎಲ್ಲ ಕಡೆ. ಅಕ್ಕ ಬಾಣಂತನ ಮುಗಿದರೂ ಅಲ್ಲೇ ಇದ್ದಳು. ಅವಳ ಮಗುವಿಗೆ ಆಗ ಹದಿನಾಲ್ಕು ತಿಂಗಳು. ಅಂಬೆಗಾಲು, ಕೈ ಬಾಯಿಗೆ.

ನಾಲ್ಕನೇ ದಿನ ರಾತ್ರಿ ಪಾಲಿಶ್ ಹಾಕೋದು ಹೇಗೆ ಅಂತ ಯೂಟ್ಯೂಬ್ ನೋಡ್ತಿದ್ದೆ. ಅಮೆರಿಕದವನೊಬ್ಬ ವಿಡಿಯೋ ಶುರುವಿನಲ್ಲೇ ಹೇಳ್ದ: ನಿಮ್ಮ ಮನೆ 1978ಕ್ಕಿಂತ ಹಳೇದಾದ್ರೆ ಮೊದಲು ಸೀಸದ ಪರೀಕ್ಷೆ ಮಾಡಿಸಿ, ಇಲ್ಲದಿದ್ರೆ ಉಜ್ಜಬೇಡಿ. ನಾನು ನಿರಾಳ ಆದೆ. ನಮ್ಮ ಹಸಿರು ಪೇಂಟ್ 1996ರದ್ದು, ಮಾವನ ಮದುವೆಗೆ ಹೊಡೆಸಿದ್ದು. 1978 ಆದ್ಮೇಲಿನದು ಸೇಫ್ ಅಲ್ವಾ?

ಅಲ್ಲ. ನೀವು ಈ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. 1978 ಅಮೆರಿಕದ ಗೆರೆ. ನಮ್ಮ ಗೆರೆ 2017. ಮನೆ ಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ಕೇಂದ್ರ ಸರ್ಕಾರದ ನಿಯಮ ಪ್ರಕಟವಾಗಿದ್ದು 2016ರ ನವೆಂಬರ್ 1ಕ್ಕೆ, ಜಾರಿಗೆ ಬಂದಿದ್ದು ಒಂದು ವರ್ಷ ಆದ್ಮೇಲೆ. ಅಂದ್ರೆ ನೀವು ಪಿಯುಸಿ ಓದೋವಾಗ ನಿಮ್ಮ ಮನೆ ಗೇಟಿಗೆ ಹೊಡೆಸಿದ ಪೇಂಟ್ ಕೂಡ ಅನುಮಾನದ ಪಟ್ಟಿಯಲ್ಲಿದೆ. 'ಹಳೇ ಪೇಂಟ್' ಅಂದ್ರೆ ಅಜ್ಜನ ಕಾಲದ್ದೇ ಆಗ್ಬೇಕಾಗಿಲ್ಲ.

90 ಪಿಪಿಎಂ ಅಂದ್ರೆ ಒಂದು ಕೆಜಿ ಒಣಗಿದ ಪೇಂಟ್‌ನಲ್ಲಿ 90 ಮಿಲಿಗ್ರಾಂ. ನಿಯಮ ಬರೋಕೆ ಮುಂಚಿನ ಎನಾಮೆಲ್ ಪೇಂಟ್‌ಗಳಲ್ಲಿ, ಅಂದ್ರೆ ನಾವು ಆಯಿಲ್ ಪೇಂಟ್ ಅನ್ನೋದರಲ್ಲಿ, ಸೀಸ ಸಾವಿರಗಳ ಲೆಕ್ಕದಲ್ಲಿ ಸಿಕ್ಕಿದ್ದು ಅಪರೂಪ ಏನಲ್ಲ. ಗಾಢ ಹಳದಿಗಳಲ್ಲಿ ಹತ್ತಾರು ಸಾವಿರ. ಸೀಸದ ಕ್ರೋಮೇಟ್ ಅಚ್ಚ ಹಳದಿ ಕೊಡುತ್ತೆ, ಅದಕ್ಕೆ ನೀಲಿ ಬೆರೆಸಿದ್ರೆ ನಮ್ಮ ಕಿಟಕಿಗಳ ಆ ಹಸಿರು. ಬಿಳಿಗೆ ಹಿಂದೆ ಸೀಸದ ಕಾರ್ಬೊನೇಟ್, ಕೆಂಪಿಗೆ ಸಿಂಧೂರ. ಹಳೇ ಕಾಲದ ಗುಲಾಬಿ ಪ್ರೈಮರ್ ಈ ಬಿಳಿ, ಕೆಂಪು ಎರಡನ್ನೂ ಕಲಸಿ ಮಾಡ್ತಿದ್ದದ್ದು. ಬೇಗ ಒಣಗ್ಲಿ ಅಂತ ಬೆರೆಸೋ ಡ್ರೈಯರ್‌ನಲ್ಲೂ ಸೀಸ ಇರ್ತಿತ್ತು. ಮರದ ಮೇಲೂ ಕಬ್ಬಿಣದ ಮೇಲೂ ಹೊಡೀತಿದ್ದದ್ದು ಇದೇ ಎನಾಮೆಲ್. ಗೋಡೆಯ ಸುಣ್ಣದ ಬಗ್ಗೆ ಇಷ್ಟು ತಲೆಬಿಸಿ ಬೇಡ. ಕೆಂಪು ರೆಡ್ ಆಕ್ಸೈಡ್ ನೆಲಕ್ಕೂ ಬೇಡ, ಅದು ಕಬ್ಬಿಣದ ಆಕ್ಸೈಡ್. ಅಮ್ಮ ನೆಲ ನೋಡಿ ಹೆದರಿದ್ರು, ಅದಕ್ಕೆ ಹೇಳ್ದೆ.

ಇನ್ನೊಂದು ಸೂಕ್ಷ್ಮ: ಆ ನಿಯಮ ಮನೆ ಮತ್ತು ಅಲಂಕಾರದ ಪೇಂಟ್‌ಗೆ ಮಾತ್ರ, ಕೈಗಾರಿಕಾ ಪೇಂಟ್‌ಗೆ ಅಲ್ಲ. ವರ್ಕ್‌ಶಾಪ್‌ನಲ್ಲಿ ಉಳಿದ ಡಬ್ಬಿ ತಂದು ತೊಟ್ಟಿಲಿಗೆ ಹೊಡೀಬೇಡಿ. ಹೊಸದು ಕೊಳ್ಳೋವಾಗ ಡಬ್ಬಿ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಅಂತ ಬರೆದಿದೆಯಾ ನೋಡಿ. ಬರೆಯೋದು ಕಡ್ಡಾಯ.

ಸರಿ, ಸೀಸ ಒಳಗೆ ಹೋದ್ರೆ ಏನಾಗುತ್ತೆ? ದೇಹ ಅದನ್ನ ಕ್ಯಾಲ್ಸಿಯಂ ಅಂತ ನಂಬಿ ಮೋಸ ಹೋಗುತ್ತೆ. ಮೂಳೆಯಲ್ಲಿ ಕೂಡಿಟ್ಕೊಳ್ಳುತ್ತೆ, ದಶಕಗಟ್ಟಲೆ. ಗರ್ಭಿಣಿಯಾದಾಗ ಮೂಳೆಯಿಂದ ಕ್ಯಾಲ್ಸಿಯಂ ಜೊತೆ ಅದೂ ಹೊರಗೆ ಬಂದು ಮಗುವಿಗೆ ಹೋಗುತ್ತೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ಮೈಗೆ ಹತ್ತಿದ್ರೆ, ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಹತ್ತಬಹುದು. ಮಗುವಿನಲ್ಲಿ ಕಬ್ಬಿಣಾಂಶ ಕಮ್ಮಿ ಇದ್ರೆ ಇನ್ನೂ ಜಾಸ್ತಿ. ಹೊಡೆತ ಬೀಳೋದು ಬೆಳೀತಿರೋ ಮೆದುಳಿಗೆ: ಕಲಿಕೆ, ಗಮನ, ಸ್ವಭಾವ. ವಾಂತಿ ಇಲ್ಲ, ಜ್ವರ ಇಲ್ಲ, ಹೆಚ್ಚಿನ ಸಲ ಏನೂ ಕಾಣಿಸಲ್ಲ. ಸುರಕ್ಷಿತ ಅನ್ನಬಹುದಾದ ಮಟ್ಟವೇ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೊಗ್ರಾಂ ಮುಟ್ಟಿದ್ರೆ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನೋದು ಅದರ ಮಾರ್ಗಸೂಚಿ.

ನಾನೇ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಹತ್ತು ಕೆಜಿ ಮಗುವಿನ ಮೈಯಲ್ಲಿ ಸುಮಾರು 800 ಎಂಎಲ್ ರಕ್ತ. ಐದರ ಗೆರೆ ಮುಟ್ಟೋಕೆ ಅಷ್ಟೂ ರಕ್ತದಲ್ಲಿ 40 ಮೈಕ್ರೊಗ್ರಾಂ ಸೀಸ ಸಾಕು. ಪುಡಿ ಉಪ್ಪಿನ ಒಂದು ಹರಳೇ ಅದಕ್ಕಿಂತ ತೂಕ ಇರುತ್ತೆ. ನಾವು ಎಬ್ಬಿಸಿದ್ದು ಬೊಗಸೆಗಟ್ಟಲೆ ಧೂಳು.

ಬೆಳಿಗ್ಗೆ ಅಕ್ಕನಿಗೆ ಹೇಳ್ದೆ. ಏನೂ ಬಯ್ಯಲಿಲ್ಲ, ಬೈದಿದ್ರೆ ಚೆನ್ನಾಗಿತ್ತು. ಹಾಸನದ ಮಕ್ಕಳ ಡಾಕ್ಟರ್ ಹತ್ರ ಹೋದ್ವಿ. ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್‌ಗೆ ಕಳಿಸಿದ್ರು. ಬೆರಳು ಚುಚ್ಚಿ ತೆಗೆದ್ರೆ ಚರ್ಮದ ಮೇಲಿನ ಧೂಳೇ ಸೇರಿ ತಪ್ಪು ಲೆಕ್ಕ ಬರಬಹುದಂತೆ. ರಿಪೋರ್ಟ್ ಬಂತು: 8. ಡಾಕ್ಟರ್ ಹೇಳಿದ್ದು ಮೂರು ಮಾತು. ಮೊದಲನೇದು, ಇದೆಲ್ಲ ಆ ಬಾಗಿಲಿಂದಲೇ ಅಂತ ಹೇಳೋಕಾಗಲ್ಲ. ಕಾಡಿಗೆ, ಕಲಬೆರಕೆ ಅರಿಶಿನ, ಕೆಲವು ಪಾತ್ರೆಗಳಿಂದಲೂ ಸೀಸ ಬರುತ್ತೆ, ಎಲ್ಲಾ ನೋಡಿ. ಎರಡನೇದು, ಇದಕ್ಕೆ ಮಾತ್ರೆ ಇಲ್ಲ. ರಕ್ತದಿಂದ ಸೀಸ ಸೆಳೆಯೋ ಔಷಧಿ 45 ದಾಟಿದವರಿಗೆ. ಮೂರನೇದು, ಮಗು ಆ ಮನೆಯಿಂದ ಹೊರಗೆ ಬರ್ಲಿ, ಕಬ್ಬಿಣ, ಕ್ಯಾಲ್ಸಿಯಂ ಇರೋ ಊಟ ಕೊಡಿ, ಮತ್ತೆ ಪರೀಕ್ಷೆ ಮಾಡೋಣ. ಅಕ್ಕ ಅರಸೀಕೆರೆಗೆ ಬಂದಳು. ರಾಗಿ ಸರಿ, ಸೊಪ್ಪು, ಹಾಲು. ಔಷಧಿ ಅಂದ್ರೆ ಅಷ್ಟೇ.

ಇದು ಹೊಸ ಸುದ್ದಿ ಏನಲ್ಲ ಅನ್ನೋದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು. 1904ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಅನ್ನೋ ಕಣ್ಣಿನ ಡಾಕ್ಟರ್, ಮಕ್ಕಳಿಗೆ ಸೀಸದ ವಿಷ ಏರ್ತಿರೋದು ಮರದ ಮನೆಗಳ ಜಗಲಿ ಕಟಕಟೆಯ ಪೇಂಟ್‌ನಿಂದ ಅಂತ ಬರೆದಿದ್ದರು. ಬಿಸಿಲಿಗೆ ಪೇಂಟ್ ಪುಡಿಯಾಗುತ್ತೆ, ಮಕ್ಕಳ ಕೈಗೆ ಅಂಟುತ್ತೆ, ಕೈ ಬಾಯಿಗೆ ಹೋಗುತ್ತೆ. ಬಿಸಿಲು, ಜಗಲಿ, ಮರದ ಕಂಬ; ನಮ್ಮ ಮನೆ ಅನ್ನಿಸ್ಲಿಲ್ವಾ? ನಮ್ಮ ಬೆಂಗಳೂರಿನಲ್ಲೇ 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅದರ ಹಿಂದಿದ್ದವರಲ್ಲಿ ಒಬ್ಬರು. ಸೀಸದ ವಿಷಕ್ಕೇ ಅಂತ ರಾಷ್ಟ್ರೀಯ ಪರಾಮರ್ಶನ ಕೇಂದ್ರ ಕಟ್ಟಿದವರೂ ಅವರೇ. ಆಗ ದೊಡ್ಡ ನಗರಗಳಲ್ಲಿ ಪರೀಕ್ಷೆ ಮಾಡಿದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಸೀಸ 10ರ ಗೆರೆಯಲ್ಲಿ ಅಥವಾ ಅದಕ್ಕಿಂತ ಮೇಲಿತ್ತು. 2000ದಲ್ಲಿ ದೇಶದ ಪೆಟ್ರೋಲ್‌ನಿಂದ ಸೀಸ ಹೋಯ್ತು. ಪೇಂಟ್‌ನಿಂದ ಹೋಗೋಕೆ ಇನ್ನೂ ಹದಿನೇಳು ವರ್ಷ. ಆ ಹದಿನೇಳು ವರ್ಷದಲ್ಲಿ ನಮ್ಮ ಬೀದಿಯಲ್ಲಿ ಎಷ್ಟು ಮದುವೆ ಆಗಿದೆಯೋ!

ಈಗ ಕೆಲಸದ ಮಾತು. ಬಾಗಿಲು ಅರ್ಧ ಕೆರೆದು ನಿಂತಿದೆ, ಮುಂದೇನು?

ಮೊದಲು ಕೇಳ್ಕೋಬೇಕಾದ್ದು: ಕೆರೀಲೇಬೇಕಾ? ಪೇಂಟ್ ಗಟ್ಟಿಯಾಗಿ ಹಿಡಿದಿದೆ, ಎದ್ದಿಲ್ಲ, ಬಿರುಕಿಲ್ಲ ಅಂದ್ರೆ ಅದರ ಮೇಲೆ ಸೀಸವಿಲ್ಲದ ಹೊಸ ಪೇಂಟ್ ಹೊಡೆದು ಸುಮ್ಮನಿರೋದೇ ಜಾಣತನ. ಒಳಗಿರೋ ಸೀಸ ಒಳಗೇ ಇರುತ್ತೆ. ಸಮಸ್ಯೆ ಇರೋದು ಉಜ್ಜಾಡೋ ಜಾಗದಲ್ಲಿ: ಬಾಗಿಲು ಬಾಗಿಲವಾಡಕ್ಕೆ ತಾಗೋ ಅಂಚು, ಕಿಟಕಿ ರೆಕ್ಕೆ, ಹೊಸ್ತಿಲು. ದಿನಾ ತೆಗೆದು ಹಾಕಿದಾಗ ಅಲ್ಲಿ ತಾನೇ ಧೂಳಾಗುತ್ತೆ, ಮೇಲೆ ಎಷ್ಟು ಕೋಟ್ ಹೊಡೆದ್ರೂ ನಿಲ್ಲಲ್ಲ. ನಾವು ಕೊನೆಗೆ ಕೆರೆದದ್ದು ಈ ಅಂಚುಗಳನ್ನ, ಹಕ್ಕಳೆ ಎದ್ದಿದ್ದ ಒಂದು ಕಂಬವನ್ನ. ಉಳಿದ ಎರಡು ಕಿಟಕಿ ಹಾಗೇ ಹಸಿರಾಗಿದೆ. ಮಾವನ ಮಗನಿಗೆ ಇನ್ನೂ ಬೇಜಾರು, ಫೋಟೋದಲ್ಲಿ ಮ್ಯಾಚ್ ಆಗಲ್ಲ ಅಂತ.

ಪರೀಕ್ಷೆಗೆ ಒರೆಸಿ ನೋಡೋ ಕಿಟ್‌ಗಳು ಆನ್‌ಲೈನ್ ಸಿಗುತ್ತೆ, ಸೀಸ ಇದ್ರೆ ಗುಲಾಬಿ-ಕೆಂಪಿಗೆ ತಿರುಗುತ್ತೆ. ಎಲ್ಲ ಪದರ ಕಾಣೋ ಹಾಗೆ ಚಿಕ್ಕದಾಗಿ ಕೊರೆದು ಒರೆಸಬೇಕು. ಕೆಂಪು ಪೇಂಟ್ ಮೇಲೆ ಇದು ಗೊಂದಲ ಮಾಡುತ್ತೆ. ಪಕ್ಕಾ ಲೆಕ್ಕ ಬೇಕಂದ್ರೆ ಚಕ್ಕೆಯನ್ನ ಲ್ಯಾಬ್‌ಗೇ ಕಳಿಸಬೇಕು. ಪರೀಕ್ಷೆ ಮಾಡ್ಸೋಕಾಗಲ್ವಾ? 2017ಕ್ಕಿಂತ ಹಿಂದಿನ ಆಯಿಲ್ ಪೇಂಟ್‌ನಲ್ಲಿ ಸೀಸ ಇದೆ ಅಂತಲೇ ತಿಳ್ಕೊಂಡು ಕೆಲಸ ಮಾಡಿ.

ಮಾಡಬಾರದ್ದು ಎರಡು: ಒಣ ಉಜ್ಜಾಟ ಮತ್ತು ಬೆಂಕಿ. ಗ್ರೈಂಡರ್, ಸ್ಯಾಂಡರ್, ಒಣ ಉಪ್ಪುಕಾಗದ ಬೇಡವೇ ಬೇಡ. ಬ್ಲೋ ಲ್ಯಾಂಪ್ ಅದಕ್ಕಿಂತ ಕೆಟ್ಟದ್ದು, ಸೀಸವನ್ನ ಹೊಗೆ ಮಾಡಿ ನೇರ ಶ್ವಾಸಕೋಶಕ್ಕೆ ಕಳಿಸುತ್ತೆ. ಬಿಸಿಗಾಳಿ ಗನ್ ಕೂಡ ಸುಮಾರು 590 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅಂತ ಅಮೆರಿಕದ ನಿಯಮ. ನಮ್ಮ ಕೈಯಲ್ಲಿರೋ ಅಗ್ಗದ ಗನ್‌ಗೆ ಎಷ್ಟು ಡಿಗ್ರಿ ಅಂತ ಅದಕ್ಕೇ ಗೊತ್ತಿರಲ್ಲ, ಅದಕ್ಕೆ ನಾನು ಮುಟ್ಟಲಿಲ್ಲ.

ಮಾಡಬೇಕಾದ್ದು ಒದ್ದೆ ಕೆಲಸ. ಹಳೇ ಬಾಗಿಲುಗಳಲ್ಲಿ ಒಂದು ಅನುಕೂಲ ಇದೆ, ಎಷ್ಟೋ ಬಾಗಿಲು ತಿರುಗಣಿ ಮೇಲೆ ನಿಂತಿರುತ್ತೆ, ಎತ್ತಿದ್ರೆ ಬಂದುಬಿಡುತ್ತೆ. ಎತ್ತಿ ಹೊರಗೆ ತನ್ನಿ. ಬಾವಿ, ತರಕಾರಿ ಮಡಿ, ಕೊಟ್ಟಿಗೆಯಿಂದ ದೂರ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಗಾಳಿ ಇಲ್ಲದ ದಿನ ಮಾಡಿ. ಕಂಬ ಎತ್ತೋಕಾಗಲ್ಲ, ಅದಕ್ಕೆ ಸುತ್ತ ಹಾಳೆ ಕಟ್ಟಬೇಕು. ತೊಟ್ಟಿ ಮನೆಯಲ್ಲಿ ಇದು ತಲೆನೋವು, ಯಾಕೆಂದ್ರೆ ಬಿದ್ದ ಧೂಳು ಮಳೆ ನೀರಿನ ಜೊತೆ ತೊಟ್ಟಿಯಿಂದ ಮೋರಿಗೆ, ಮೋರಿಯಿಂದ ಹಿತ್ತಲಿಗೆ ಹೋಗುತ್ತೆ. ಮಳೆಗಾಲದಲ್ಲಿ ಕೈ ಹಾಕಲೇಬೇಡಿ. ಸ್ಪ್ರೇ ಬಾಟಲಿಯಲ್ಲಿ ನೀರು, ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್. ಒದ್ದೆ ಮಾಡು, ಕೆರೆ, ಮತ್ತೆ ಒದ್ದೆ ಮಾಡು. ಕೊನೆಯ ನುಣುಪಿಗೆ ವಾಟರ್ ಪೇಪರ್, ಅದೂ ಒದ್ದೆಯಲ್ಲೇ. ನಿಧಾನ ಅಂದ್ರೆ ನಿಧಾನ, ಒಂದು ಬಾಗಿಲಿಗೆ ಎರಡು ದಿನ ಹೋಯ್ತು.

ಡಬ್ಬಿಯ ಪೇಂಟ್ ರಿಮೂವರ್ ಕೊಳ್ಳೋವಾಗ ಲೇಬಲ್ ಓದಿ. ಮೆಥಿಲೀನ್ ಕ್ಲೋರೈಡ್ ಇದ್ರೆ ವಾಪಸ್ ಇಡಿ, ಮುಚ್ಚಿದ ಕೋಣೆಯಲ್ಲಿ ಅದರ ಆವಿ ಜನರನ್ನ ಕೊಂದಿದೆ. ಕಾಸ್ಟಿಕ್ ಸೋಡಾ ಪೇಂಟ್ ಬಿಡಿಸುತ್ತೆ ನಿಜ, ಜೊತೆಗೆ ಕೈನೂ ಸುಡುತ್ತೆ, ತೇಗದಂಥ ಮರವನ್ನ ಕಪ್ಪು ಮಾಡುತ್ತೆ.

ಮಾಸ್ಕ್ ವಿಷಯದಲ್ಲಿ ಕಂಜೂಸ್ ಆಗ್ಬೇಡಿ. ಟವೆಲ್ ಕಟ್ಕೊಳ್ಳೋದು, ಕೋವಿಡ್ ಕಾಲದ ನೀಲಿ ಮಾಸ್ಕ್ ಎರಡೂ ಲೆಕ್ಕಕ್ಕಿಲ್ಲ. ಮುಖಕ್ಕೆ ಬಿಗಿಯಾಗಿ ಕೂರೋ, ಪಿ100 ಫಿಲ್ಟರ್ ಇರೋ ರೆಸ್ಪಿರೇಟರ್ ಬೇಕು. ಮಕ್ಕಳು, ಗರ್ಭಿಣಿಯರು ಕೆಲಸ ಮುಗಿದು ತೊಳೆದು ಆಗೋವರೆಗೂ ಆ ಮನೆಯಲ್ಲಿ ಇರಬಾರದು. ಪೊರಕೆ ಹಿಡೀಬೇಡಿ. ಸಾಮಾನ್ಯ ವ್ಯಾಕ್ಯೂಮ್ ಕೂಡ ಸಣ್ಣ ಧೂಳನ್ನ ಹಿಂದಿನಿಂದ ಉಗುಳುತ್ತೆ, ಹೆಪಾ ಫಿಲ್ಟರ್ ಇದ್ರೆ ಮಾತ್ರ ಸರಿ. ನಾವು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿದ್ವಿ, ಬಟ್ಟೆ ಬದಲಿಸ್ತಾ, ನೀರು ಬದಲಿಸ್ತಾ. ಗೋಡೆ ಮಾಡು, ತೊಲೆ ಸಂದು ಬಿಡದೆ, ಮೂರು ಸಲ. ಹಪ್ಪಳ ಎಸೆದ್ವಿ.

ಈ ಕೆಲಸಕ್ಕೆ ನಮಗೆ ಜೊತೆಯಾದವರು ಬೇಲೂರಿನ ಕಡೆಯ ಒಬ್ಬ ಹಿರಿಯ ಪೇಂಟರ್. ಮೊದಲ ದಿನ ಬ್ಲೋ ಲ್ಯಾಂಪ್ ತಂದಿದ್ರು. ಬೇಡ ಅಂದಾಗ ನಕ್ಕರು: ಮೂವತ್ತು ವರ್ಷದಿಂದ ಸುಡ್ತಿದೀನಿ, ನಂಗೇನಾಗಿದೆ? ಮಧ್ಯಾಹ್ನ ಊಟಕ್ಕೆ ಕೂತಾಗ ತಾವೇ ಹೇಳ್ತಾ ಹೋದ್ರು. ಬಿಪಿ ಮಾತ್ರೆ, ಕೀಲು ನೋವು, ಆಗಾಗ ಹೊಟ್ಟೆ ತೊಳಸು, ಹೆಸರು ಮರೆತುಹೋಗೋದು. ದೊಡ್ಡವರಲ್ಲಿ ಸೀಸ ಮಾಡೋ ತೊಂದರೆಗಳ ಪಟ್ಟಿಯಲ್ಲಿ ಇವೆಲ್ಲ ಇವೆ. ಅರವತ್ತು ದಾಟಿದ ಎಷ್ಟೋ ಜನರಿಗೂ ಇವೆ, ಹಾಗಾಗಿ ಇದು ಅದೇ ಅಂತ ನಾನು ಹೇಳಲಾರೆ. ರಕ್ತ ಪರೀಕ್ಷೆ ಮಾಡಿಸೋಣ, ದುಡ್ಡು ನಾನು ಕೊಡ್ತೀನಿ ಅಂದೆ. ಬೇಡಪ್ಪ, ಇದೆ ಅಂತ ಬಂದ್ರೆ ನಾಳೆಯಿಂದ ಏನು ಕೆಲಸ ಮಾಡ್ಲಿ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಆದರೆ ಸಂಜೆ ಮನೆಗೆ ಹೋಗೋಕೆ ಮುಂಚೆ ಕೆಲಸದ ಬಟ್ಟೆ ಇಲ್ಲೇ ಬಿಚ್ಚಿ, ಸ್ನಾನ ಮಾಡಿ ಹೋಗಿ, ಮೊಮ್ಮಗಳನ್ನ ಎತ್ಕೋತೀರಲ್ಲ ಅಂದಾಗ ಒಂದು ಕ್ಷಣ ಸುಮ್ಮನಾದ್ರು. ಮಾರನೇ ದಿನ ಒಂದು ಜೊತೆ ಬಟ್ಟೆ, ಸೋಪು ತಂದಿದ್ರು. ಆ ಬಟ್ಟೆ ಬೇರೆ ಒಗೀಬೇಕು, ಮನೆಯವರ ಬಟ್ಟೆ ಜೊತೆ ಅಲ್ಲ. ಬೀಡಿ, ಊಟ, ಎಲೆಅಡಿಕೆ ಕೈ ಮುಖ ತೊಳೆದ ಮೇಲೇ.

ಇನ್ನು ನಮ್ಮ ಕಡೆಯದೇ ಒಂದು ಅಪಾಯ ಇದೆ, ಅದನ್ನ ಅಮೆರಿಕದ ವಿಡಿಯೋ ಹೇಳಲ್ಲ. ಹಂಡೆ ಒಲೆ. ಹಳೇ ಮನೆ ಕೆಡವಿದ್ರೆ ಒಳ್ಳೇ ಬಾಗಿಲು ಮಾರ್ತೀವಿ, ಗೆದ್ದಲು ಹಿಡಿದ ಕಿಟಕಿ, ಮುರಿದ ಪಟ್ಟಿ ಎಲ್ಲ ಬಚ್ಚಲ ಒಲೆಗೆ. ಪೇಂಟ್ ಸಮೇತ. ಆಯಿಲ್ ಪೇಂಟ್ ಇರೋದ್ರಿಂದ ಚೆನ್ನಾಗಿ ಉರಿಯುತ್ತೆ ಅಂತ ಖುಷಿ ಬೇರೆ. ಸೀಸ ಉರಿದು ಇಲ್ಲದಾಗೋ ವಸ್ತು ಅಲ್ಲ. ಒಂದಷ್ಟು ಹೊಗೆಯಲ್ಲಿ ಹೋಗುತ್ತೆ, ಉಳಿದದ್ದು ಬೂದಿಯಲ್ಲಿ. ಆ ಬೂದಿ ಎಲ್ಲಿಗೆ ಹೋಗುತ್ತೆ? ಪಾತ್ರೆ ತಿಕ್ಕೋಕೆ, ತೆಂಗಿನ ಬುಡಕ್ಕೆ, ಸೊಪ್ಪಿನ ಮಡಿಗೆ. ನಮ್ಮ ಅಜ್ಜಿ ಮನೆಯಲ್ಲಿ ಹಿಂದಿನ ವರ್ಷ ಹಳೇ ಕೊಟ್ಟಿಗೆಯ ಬಾಗಿಲು ಹೋಗಿದ್ದು ಅಲ್ಲಿಗೇ. ಡಾಕ್ಟರ್ ಬಾಗಿಲಿಂದಲೇ ಅಂತ ಹೇಳೋಕಾಗಲ್ಲ ಅಂದಿದ್ದು ನೆನಪಾಗಿ ನಾನು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟೆ. ಪೇಂಟ್ ಇರೋ ಮರ ಒಲೆಗೆ ಹಾಕಬೇಡಿ. ಮನೆಯಲ್ಲಿ ಒಲೆ ನೋಡ್ಕೊಳ್ಳೋರಿಗೆ ಈ ಭಾಗವನ್ನಾದ್ರೂ ಕೇಳಿಸಿ.

ದೇವಸ್ಥಾನದ ಹತ್ತಿರ ಮನೆ ಇರೋರಿಗೆ ಒಂದು ಮಾತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿಂದ ಆಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಹತ್ತಿರದ ವಲಯದಲ್ಲಿ ಹೊಸದಾಗಿ ಕಟ್ಟೋ ಹಾಗಿಲ್ಲ, ರಿಪೇರಿಗೂ ಅನುಮತಿ ಕೇಳಬೇಕು. ಹಾಗಾಗಿ ಅಲ್ಲಿ ಹಳೇ ಮರ ಉಳಿಯುತ್ತೆ, ಹಳೇ ಪೇಂಟೂ ಉಳಿಯುತ್ತೆ. ಕೆರೆಯೋ ಕೆಲಸ ಮುಂದೆಯೂ ಇದ್ದೇ ಇರುತ್ತೆ.

ಮೂರು ತಿಂಗಳ ಮೇಲೆ ಮಗುವಿನ ರಕ್ತ ಮತ್ತೆ ನೋಡಿಸಿದ್ವಿ. 5. ಇಳಿದಿದೆ, ಹೋಗಿಲ್ಲ. ಮೊನ್ನೆ 'ಮಾಮ' ಅಂದಳು. ಅಕ್ಕ ನನ್ನ ಮುಖ ನೋಡಿ, ಎಲ್ಲಾ ಮಕ್ಕಳೂ ಈ ವಯಸ್ಸಿಗೆ ಅಂತಾವೆ ಬಿಡೋ ಅಂದಳು. ಇನ್ನೊಂದು ಪರೀಕ್ಷೆ ಬಾಕಿ ಇದೆ.

ಕೆರೆದ ಪೇಂಟ್ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದೀವಿ. 2016ರ ಘನತ್ಯಾಜ್ಯ ನಿಯಮಗಳು ಪೇಂಟ್ ಡಬ್ಬಿಗಳನ್ನ ಮನೆಯ ಅಪಾಯಕಾರಿ ಕಸ ಅಂತಲೇ ಕರೆದಿದ್ದವು, ಬೇರೆ ಇಟ್ಟು ಬೇರೆ ಕೊಡಬೇಕು ಅಂತ. ಕೊಡೋಕೆ ಹೋದೆ. ಕಸದ ಗಾಡಿಯ ಅಣ್ಣ ಚೀಲ ಬಿಚ್ಚಿ ನೋಡಿ, ಇದನ್ನ ಹಾಕೋಕೆ ನಮ್ಮ ಹತ್ರ ಜಾಗ ಇಲ್ಲ, ಹಿತ್ತಲಲ್ಲಿ ಸುಟ್ಟಾಕಿ ಅಂದ್ರು. ಚೀಲ ಈಗ ಅಟ್ಟದ ಮೇಲೆ ಟ್ರಂಕ್‌ನಲ್ಲಿದೆ, ಮೇಲೆ ಮಾರ್ಕರ್‌ನಲ್ಲಿ 'ಸೀಸ, ಮುಟ್ಟಬೇಡಿ' ಅಂತ ಬರೆದಿದೀನಿ. ನಿಮ್ಮ ಊರಲ್ಲಿ ಇಂಥದ್ದನ್ನ ತಗೊಳ್ಳೋರು ಯಾರಾದ್ರೂ ಇದ್ರೆ ನನಗೊಂದು ಮೆಸೇಜ್ ಹಾಕಿ.